ಲೋಕ್ರಿಯನ್ ಹಿಡಿದು ಹೊರಟವನಿಗೆ

ಮೊನ್ನೆ ಹೆಸರು ಕೇಳಿದೆ, ಇವತ್ತಾಗಲೇ ಇಡೀ ಹಾಡನ್ನು ಲೋಕ್ರಿಯನ್ನಿನಲ್ಲೇ ಕಟ್ಟುತ್ತೇನೆ ಅಂತ ಹೊರಟಿದ್ದೀಯಲ್ಲ ಮಗೂ! ಕೂಸು ಹುಟ್ಟುವ ಮುಂಚೆ ಕುಲಾವಿ. ನಿನ್ನ ಕಿವಿ ಒಳ್ಳೆಯದು, ಅದಕ್ಕೇ ಹೇಳುತ್ತೇನೆ, ಕೂತು ಕೇಳು.

ಕೀಬೋರ್ಡಿನ ಬಿಳಿ ಕೀಗಳಲ್ಲೇ ಬಿಯಿಂದ ಬಿವರೆಗೆ ಹತ್ತಿದರೆ ಲೋಕ್ರಿಯನ್ ಎಂಬ ಮೋಡ್, ಅಂದರೆ ಸ್ವರಶ್ರೇಣಿ. ನಮ್ಮ ಲೆಕ್ಕದಲ್ಲಿ ಶಂಕರಾಭರಣದ ನಿಷಾದವನ್ನು ಷಡ್ಜ ಮಾಡಿಕೊಂಡ ಹಾಗೆ. ಗ್ರಹಭೇದ ಕಲಿತಿದ್ದೀಯಲ್ಲ? ರಿಷಭದಿಂದ ಖರಹರಪ್ರಿಯ, ಗಾಂಧಾರದಿಂದ ತೋಡಿ, ಮಧ್ಯಮದಿಂದ ಕಲ್ಯಾಣಿ, ಪಂಚಮದಿಂದ ಹರಿಕಾಂಭೋಜಿ, ಧೈವತದಿಂದ ನಠಭೈರವಿ. ನಿಷಾದಕ್ಕೆ ಬಂದಾಗ ಮೇಷ್ಟ್ರು ನಿಲ್ಲಿಸಿಬಿಡುತ್ತಾರೆ. ಮಧ್ಯಮ ಎರಡೂ ಬಂದವು, ಪಂಚಮವೇ ಇಲ್ಲ. 72 ಮೇಳಗಳಲ್ಲಿ ಅದಕ್ಕೆ ಜಾಗವಿಲ್ಲ. ಅತ್ತ ಸ್ವಿಟ್ಜರ್ಲೆಂಡಿನ ಸಂಗೀತಶಾಸ್ತ್ರಜ್ಞ ಗ್ಲಾರಿಯಾನಸ್ ಕೂಡ 1547ರ ತನ್ನ ಗ್ರಂಥದಲ್ಲಿ 12 ಮೋಡ್‌ಗಳನ್ನು ಒಪ್ಪಿ, ಇದನ್ನು ಆಚೆಗಿಟ್ಟ. ಅವನ ತಕರಾರೂ ಪಂಚಮದ್ದೇ.

ಪಂಚಮವಿಲ್ಲದ ಷಡ್ಜ ಮೂರು ಕಾಲಿನ ಮಂಚ. ಬಿ–ಎಫ್ ನಡುವಿನ ಆ ಕರ್ಕಶ ಟ್ರೈಟೋನ್ ಕೇಳಿದರೆ ನಿನಗೆ ರೋಮಾಂಚನ, ಸರಿ. ಆದರೆ ಸ್ವಲ್ಪ ಹೊತ್ತಿಗೇ ಕಿವಿ ಸಿ ಕಡೆಗೆ ಜಾರುತ್ತದೆ. ನೀನು ಲೋಕ್ರಿಯನ್ ಅಂದುಕೊಂಡು ನುಡಿಸುತ್ತೀಯ, ಕೇಳುವವನಿಗೆ ಶಂಕರಾಭರಣ. ನಿನ್ನ ರೆಕಾರ್ಡಿಂಗಿನಲ್ಲೂ ಆಗಿದ್ದು ಅದೇ. ಬೇಜಾರು ಮಾಡಿಕೊಳ್ಳಬೇಡ.

ಬಿಯೇ ಷಡ್ಜವಾಗಿ ನಿಲ್ಲಬೇಕಾದರೆ ಶ್ರುತಿಪೆಟ್ಟಿಗೆಯಲ್ಲಿ ಪಂಚಮ ತೆಗೆ, ಬರೀ ಸ ಇಡು. ಗಿಟಾರ್ ಮುಟ್ಟುವ ಮೊದಲು ಸ್ವರಗಳನ್ನು ಬಾಯಲ್ಲಿ ಹಾಡು; ಗಂಟಲು ಒಪ್ಪದ್ದನ್ನು ಬೆರಳು ಎಷ್ಟು ಬೇಗ ನುಡಿಸಿದರೂ ಅದು ನಿನ್ನದಾಗುವುದಿಲ್ಲ. ಸಾಲಿನ ಕೊನೆಗೆ ಸಿ ಮೇಲೆ ನಿಲ್ಲಬೇಡ, ತಾಗಿಸಿಕೊಂಡು ಬಿಗೆ ಇಳಿ. ಬಿಯೋರ್ಕ್ 1995ರಲ್ಲಿ ಹಾಡಿದ 'ಆರ್ಮಿ ಆಫ್ ಮಿ' ಹಾಕಿಕೊಂಡು ಬೇಸ್ ಒಂದನ್ನೇ ಕೇಳು. ಅದೇ ಸಾಲನ್ನು ಹಠ ಹಿಡಿದು ಮತ್ತೆ ಮತ್ತೆ ಹೇಳುತ್ತದೆ. ಹಾಗೆ ಹೇಳಿದ್ದಕ್ಕೇ ಆ ಷಡ್ಜಕ್ಕೆ ನೆಲೆ ಸಿಕ್ಕಿದ್ದು.

ಜಾಝ್‌ನವರು ಸಾಮಾನ್ಯವಾಗಿ ಇದರಲ್ಲಿ ಸಂಸಾರ ಹೂಡುವುದಿಲ್ಲ. ಬಿ–ಡಿ–ಎಫ್–ಎ ಕಾರ್ಡ್ ಬಂದಾಗ ಇದರಲ್ಲೊಂದು ಸಾಲು ನುಡಿಸಿ, ಇ ಸೆವೆಂತ್ ದಾಟಿ, ಎ ಮೈನರಿಗೆ ಬಂದು ಕೂರುತ್ತಾರೆ. ಕತ್ತಲೆಗೆ ಬೆಲೆ ಬರುವುದೇ ಆ ಇಳಿಯುವಿಕೆಯಲ್ಲಿ ಅನ್ನುವುದು ನನ್ನ ಅನುಭವ. ನೀನೂ ಮೊದಲು ಅದನ್ನೇ ಸಾಧಿಸು, ನಿಧಾನವಾಗಿ, 12 ಶ್ರುತಿಗಳಲ್ಲೂ. ಇಡೀ ಹಾಡಿನ ಮಾತು ಆಮೇಲೆ ಆಡೋಣ.