ಕೌನ್ಸೆಲಿಂಗ್‌ಗೆ ಹೊರಟಿದ್ದೀರಾ?

ಮನಸ್ಸಿನ ಕಷ್ಟ ಹೇಳಿಕೊಳ್ಳಲು ಹೊರಟವರು ಮೊದಲ ಭೇಟಿಯಲ್ಲೇ ಎದುರಿಗಿರುವವರ ಓದು, ನೋಂದಣಿ ಕೇಳಿಬಿಡಿ. ಸಂಕೋಚ ಬೇಡ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು. ನಾಲ್ಕು ದಿನದ ಕೋರ್ಸಿನ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದವರೂ ಸಿಗುತ್ತಾರೆ, ಹುಷಾರು.

ಇನ್ನು ಗುಟ್ಟಿನ ವಿಚಾರ. ನಮ್ಮಲ್ಲಿ ಫೀಸು ಕೊಟ್ಟ ಅಪ್ಪನೋ ಅತ್ತೆಯೋ ಹೊರಗೆ ಕೂತು, ‘ಒಳಗೆ ಏನಂದಳು?’ ಎಂದು ಕೇಳುವುದು ಮಾಮೂಲು. ಕೇಳಲಿ, ಹೇಳಬೇಕಾದವರು ನೀವು, ಸಮಾಲೋಚಕರಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಗೌಪ್ಯತೆಯನ್ನು ನಿಮ್ಮ ಹಕ್ಕೆಂದೇ ಹೇಳುತ್ತದೆ. ಆದರೆ ಅದಕ್ಕೂ ಮಿತಿಯುಂಟು. ಯಾರದಾದರೂ ಜೀವಕ್ಕೆ ಅಪಾಯವಿದ್ದರೆ, ಕೋರ್ಟು ಆದೇಶಿಸಿದರೆ ಬಾಯಿ ಬಿಡಬೇಕಾಗುತ್ತದೆ. ‘ಯಾವಾಗ, ಯಾರಿಗೆ ತಿಳಿಸುತ್ತೀರಿ?’ ಎಂದು ಮೊದಲ ದಿನವೇ ಕೇಳಿ. ಬಲ್ಲವರು ನೀವು ಕೇಳುವ ಮೊದಲೇ ಹೇಳಿರುತ್ತಾರೆ.

ಸೋದರತ್ತೆಯ ಮಗ ಸೈಕಾಲಜಿ ಓದಿದ್ದಾನೆಂದು ಅವನ ಬಳಿಯೇ ಹೋಗಬೇಡಿ. ನೆಂಟಸ್ತನ, ಸಾಲ, ಪ್ರೇಮ ಇವ್ಯಾವೂ ಆ ಕೋಣೆಯೊಳಗೆ ಬರಬಾರದು. ತಂದವರು ಸಮಾಲೋಚಕರೇ ಆಗಿದ್ದರೆ ಮರುಮಾತಿಲ್ಲದೆ ಎದ್ದು ಬನ್ನಿ. ‘ಹತ್ತೇ ಸಿಟ್ಟಿಂಗ್, ಪೂರ್ತಿ ಗುಣ’ ಎಂದು ಗ್ಯಾರಂಟಿ ಕೊಡುವವರನ್ನೂ ದೂರವಿಡಿ.

ಮಾತ್ರೆ ಬೇಕಾದರೆ ಮನೋವೈದ್ಯರನ್ನೇ ಕಾಣಿ. ಎಲ್ಲಿಗೆ ಹೋಗಬೇಕೆಂದೇ ತೋಚದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.