ಆಸಿಡ್ ಕ್ಯಾನು ಎಲ್ಲಿ ಮಡಗಬೇಕು?

ಬನ್ನೂರು ಸುತ್ತಮುತ್ತ ನಾಲೆ ನೀರು ಹರಿದರೂ ನಮ್ಮ ದಿಣ್ಣೆಗೆ ಹತ್ತುವುದಿಲ್ಲ. ರಾಗಿ, ಹುರುಳಿ ಬಿಟ್ಟರೆ ಬೋರಿನ ನೀರಲ್ಲಿ ಅರ್ಧ ಎಕರೆ ತೆಂಗು. ಆ ನೀರೋ ಬಲು ಗಡಸು. ಕಾಯಿಸಿದ ಪಾತ್ರೆಯಲ್ಲಿ ಬಿಳಿ ಪೊರೆ ಕಟ್ಟುತ್ತದಲ್ಲ, ಅದೇ ಸುಣ್ಣ ಡ್ರಿಪ್ಪಿನ ತೂತುಗಳನ್ನೂ ಮುಚ್ಚುತ್ತದೆ. ಕರಗಿಸಲು ಹೈಡ್ರೋಕ್ಲೋರಿಕ್ ಆಸಿಡ್ ಬಿಡುತ್ತೇವೆ. ಪಾಚಿಗೆ ಬ್ಲೀಚಿಂಗ್ ಪೌಡರ್. ಬಳಸುವುದನ್ನು ಹೇಳಿಕೊಟ್ಟವರು ಬಹಳ ಜನ. ಉಳಿದದ್ದನ್ನು ಎಲ್ಲಿ ಮಡಗಬೇಕು ಅಂತ ಯಾರೂ ಹೇಳಲಿಲ್ಲ.

ನಾನು ಅರ್ಧ ಕ್ಯಾನನ್ನು ಮೋಟಾರ್ ಮನೆಯ ಮೂಲೆಗೆ ಇಟ್ಟೆ. ಮಳೆಗಾಲ ಮುಗಿಯುವಷ್ಟರಲ್ಲಿ ಮೋಟಾರ್ ಏಳಲಿಲ್ಲ. ಸ್ಟಾರ್ಟರ್ ಬಿಚ್ಚಿದರೆ ತಾಮ್ರದ ತಂತಿ ತುದಿಗೆಲ್ಲ ಹಸಿರು ಕಿಲುಬು, ಬಾಗಿಲ ಕೀಲಿಗೆ ತುಕ್ಕು. "ಏನಣ್ಣ, ಇಲ್ಲಿ ಆಸಿಡ್ ಮಡಗಿದ್ದೀರಾ?" ಅಂದ ಮೆಕ್ಯಾನಿಕ್. ಮುಚ್ಚಳ ಸ್ವಲ್ಪ ಸಡಿಲವಿದ್ದರೂ ಇದರ ಹೊಗೆ ಹೊರಗೆ ಬರುತ್ತದೆ. ಗಾಳಿಯ ತೇವ ಸೇರಿ ಮತ್ತೆ ಆಸಿಡ್ಡೇ ಆಗಿ ಲೋಹದ ಮೇಲೆ ಕೂರುತ್ತದೆ.

ಎರಡನೆಯ ತಪ್ಪು ನೆನೆದರೆ ಈಗಲೂ ಮೈ ಜುಂ ಅನ್ನುತ್ತದೆ. ಪಕ್ಕದ ಜಮೀನಿನವರು ಕೇಳಿದರು ಅಂತ ಒಂದು ಲೀಟರನ್ನು ಜ್ಯೂಸಿನ ಖಾಲಿ ಬಾಟಲಿಗೆ ಬಗ್ಗಿಸಿ ಜಗಲಿ ಮೇಲಿಟ್ಟೆ. ಆಡಿ ಬಂದ ಮೊಮ್ಮಗ ನೀರೆಂದು ಮುಚ್ಚಳ ತಿರುಗಿಸಿಬಿಟ್ಟಿದ್ದ. ಘಾಟಿಗೆ ಕೆಮ್ಮಿದ್ದು ಕೇಳಿ ನನ್ನ ಹೆಂಡತಿ ಓಡಿಬಂದು ಕಸಿದುಕೊಂಡಳು. ಕೇಳಿದವರಿಗೆ ಈಗ ಬಾಟಲಿಯಲ್ಲಿ ಕೊಡುವುದಿಲ್ಲ, ಬೈದುಕೊಂಡರೂ ಸರಿ.

ಕಾಲೇಜು ಲ್ಯಾಬಿನಲ್ಲಿ ಆಸಿಡ್ಡನ್ನು ಗಾಜಿನ ಬಿರಡೆಯ ಬಾಟಲಿಯಲ್ಲಿಟ್ಟು ಹೆಸರಿನ ಚೀಟಿ ಅಂಟಿಸುತ್ತಾರೆ. ಗಾಜಿಗೆ ಈ ಆಸಿಡ್ ಏನೂ ಮಾಡದು. ಆದರೆ ಹೊಲದಲ್ಲಿ ಗಾಜು ಒಡೆಯುತ್ತದೆ. ನಮಗೆ ಅದು ಬಂದ ದಪ್ಪ ಪ್ಲಾಸ್ಟಿಕ್ ಕ್ಯಾನೇ ಸರಿ, ಚೀಟಿ ಕೀಳಬಾರದು. ತಗಡು, ಕಬ್ಬಿಣ, ಅಲ್ಯೂಮಿನಿಯಂ ಬೇಡವೇ ಬೇಡ. ಪಾತ್ರೆ ತೂತಾಗುವುದಲ್ಲದೆ, ಬೆಂಕಿ ಹತ್ತುವ ಹೈಡ್ರೋಜನ್ ಅನಿಲ ಏಳುತ್ತದೆ.

ಈಗ ಮನೆಗೆ, ಮೋಟಾರಿಗೆ ದೂರವಾಗಿ ಬದುವಿನ ಬಳಿ ಇಟ್ಟಿಗೆಯ ಗೂಡು ಕಟ್ಟಿದ್ದೇನೆ. ಗಾಳಿಗೆ ಕಿಂಡಿ, ಬಾಗಿಲಿಗೆ ಬೀಗ. ಸೋರಿದರೆ ಹಿಡಿಯಲು ಕ್ಯಾನನ್ನು ಪ್ಲಾಸ್ಟಿಕ್ ಟಬ್ಬಿನೊಳಗೆ, ನೆಲದ ಮೇಲೇ ಇಟ್ಟಿದ್ದೇನೆ. ಅಟ್ಟದಿಂದ ಇಳಿಸುವಾಗ ಜಾರಿದರೆ ಮುಖಕ್ಕೇ ಬೀಳುವುದು.

ಬ್ಲೀಚಿಂಗ್ ಪೌಡರ್ ಮಾತ್ರ ಆ ಗೂಡಿಗೆ ಸೇರಿಸಿಲ್ಲ. ಎರಡೂ ಕೂಡಿದರೆ ಕ್ಲೋರಿನ್ ಅನಿಲ ಹುಟ್ಟುತ್ತದೆ. 1915ರಲ್ಲಿ ಮೊದಲ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟದ್ದು ಇದೇ ಅನಿಲ. ಅಳೆಯುವ ಮಗ್ಗು ಕೂಡ ಬೇರೆ ಬೇರೆ ಇರಲಿ. ಡ್ರಿಪ್ಪಿಗೂ ಎರಡನ್ನು ಒಟ್ಟಿಗೆ ಬಿಡಬೇಡಿ.

ಬೆರೆಸುವಾಗ ಮೊದಲು ನೀರು, ಆಮೇಲೆ ಆಸಿಡ್, ನಿಧಾನಕ್ಕೆ. ಆಸಿಡ್ಡಿನ ಮೇಲೆ ನೀರು ಸುರಿದರೆ ಕಾದು ಸಿಡಿಯುತ್ತದೆ. ರಬ್ಬರ್ ಗ್ಲೌಸು, ಕಣ್ಣಿಗೆ ಕನ್ನಡಕ ಬೇಕು. ಪಕ್ಕದಲ್ಲಿ ಒಂದು ಕೊಡ ನೀರು ತುಂಬಿಟ್ಟುಕೊಂಡೇ ಮುಚ್ಚಳ ತೆಗೆಯಿರಿ. ಮೈಗೆ, ಕಣ್ಣಿಗೆ ಸಿಡಿದರೆ ಬಟ್ಟೆ ಬಿಚ್ಚಿ, ಬೋರು ಹಾಕಿ 20 ನಿಮಿಷ ಹರಿಯುವ ನೀರಲ್ಲೇ ತೊಳೆದು ಆಸ್ಪತ್ರೆಗೆ ಹೋಗಬೇಕು. ಕುಡಿದವರಿಗೆ ವಾಂತಿ ಮಾಡಿಸಬಾರದು. ಮೇಲೆ ಬರುವಾಗ ಗಂಟಲು ಎರಡನೇ ಸಲ ಸುಡುತ್ತದೆ.

2013ರ ಸುಪ್ರೀಂ ಕೋರ್ಟ್ ಆದೇಶದಿಂದಾಗಿ ಅಂಗಡಿಯವರು ಗುರುತಿನ ಚೀಟಿ ನೋಡಿ, ಯಾತಕ್ಕೆ ಅಂತ ಕೇಳಿ, ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಬೇಸರ ಮಾಡಿಕೊಳ್ಳದೆ ಕೊಡಿ. ಬೇಕಾದಷ್ಟನ್ನೇ ತನ್ನಿ. ಖಾಲಿ ಕ್ಯಾನನ್ನು ನೀರಿಗೋ ಸೀಮೆಎಣ್ಣೆಗೋ ಇಟ್ಟುಕೊಳ್ಳದೆ, ನಾಲ್ಕೈದು ಸಲ ತೊಳೆದು ತೂತು ಹೊಡೆದುಬಿಡಿ.