ಕಣ್ಣಾರೆ ಕಂಡವರಿದ್ದರೂ ‘ನಾನು ಅಲ್ಲಿರಲಿಲ್ಲ’ ಎಂದರೆ?

ಪ್ರಶ್ನೆ: ಕೊಲೆ ನೋಡಿದ್ದೇವೆ ಎಂದು ಇಬ್ಬರು ಸಾಕ್ಷಿ ಹೇಳುತ್ತಾರೆ. ಆರೋಪಿ ‘ಆ ಹೊತ್ತಿಗೆ ಕಬ್ಬಿನ ಟ್ರ್ಯಾಕ್ಟರ್ ಜೊತೆ ಫ್ಯಾಕ್ಟರಿಯಲ್ಲಿದ್ದೆ’ ಎಂದು ಕಾಟಾ ಚೀಟಿ ತೋರಿಸುತ್ತಾನೆ. ಕೋರ್ಟು ಯಾರನ್ನು ನಂಬುತ್ತದೆ?
– ಓದುಗರೊಬ್ಬರು, ಕುಲಗೋಡ

ಉತ್ತರ: ಮೊದಲು ಆ ಚೀಟಿಯನ್ನೇ ನೋಡೋಣ. ಅದರಲ್ಲಿ ಗಾಡಿ ನಂಬರ್, ತೂಕ, ವೇಳೆ ಇರುತ್ತವೆ. ಗಾಡಿ ಬಂದಿತ್ತು ಎನ್ನುವುದಕ್ಕೆ ಅದು ಪುರಾವೆ. ಓಡಿಸಿಕೊಂಡು ಬಂದವರು ಯಾರು ಎನ್ನುವುದಕ್ಕಲ್ಲ. ಪಾಳಿಗೆ ಟ್ರ್ಯಾಕ್ಟರ್ ನಿಲ್ಲಿಸಿ ಬೈಕಿನಲ್ಲಿ ಊರಿಗೆ ಹೋಗಿಬರುವುದು ನಿಮ್ಮ ಕಡೆ ಹೊಸದೇನಲ್ಲ. ಸರಕಾರಿ ವಕೀಲರು ಪಾಟೀಸವಾಲಿನಲ್ಲಿ ಅಲ್ಲಿಗೇ ಬರುತ್ತಾರೆ.

1981ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಅಲಹಾಬಾದಿನ ಕೊಲೆ ಪ್ರಕರಣದಲ್ಲೂ ಹೀಗೇ ಆಗಿತ್ತು. ಬೆಳಿಗ್ಗೆ 8.30ಕ್ಕೆ ನೈನಿಯ ಕಾರ್ಖಾನೆಯಲ್ಲಿ ಹಾಜರಿದ್ದೆ ಎಂದ ಆರೋಪಿ. ಕೊಲೆ ನಡೆದದ್ದು 9ರ ಸುಮಾರಿಗೆ. ಅಲ್ಲಿ ಒಳಹೋಗುವಾಗ ಕಾರ್ಡ್ ಪಂಚ್ ಮಾಡಬೇಕಿತ್ತು, ಹೊರಬರುವಾಗ ಬೇಕಿರಲಿಲ್ಲ; ಎರಡೂ ಜಾಗಗಳ ನಡುವಿನ ದೂರವೂ ಅಲ್ಪ. ಹಾಜರಿ ಹಾಕಿ ತಕ್ಷಣ ಹೊರಬಿದ್ದಿರಬಹುದು ಎಂದ ಕೋರ್ಟು ಅವನ ವಾದ ಒಪ್ಪಲಿಲ್ಲ. ಮರಣದಂಡನೆ ಮಾತ್ರ ಜೀವಾವಧಿಗೆ ಇಳಿಯಿತು. ಅದೇ ತೀರ್ಪು ಇನ್ನೊಂದು ಮಾತನ್ನೂ ಹೇಳಿದೆ, ನನಗೆ ಅದು ಹೆಚ್ಚು ಮುಖ್ಯ: ಆರೋಪಿ ಪರ ಸಾಕ್ಷಿಗಳನ್ನು ಹುಟ್ಟಾ ಸುಳ್ಳರೆಂದು ಬಗೆಯಬಾರದು, ಸುಳ್ಳು ಹೇಳುವವರು ಎರಡೂ ಕಡೆ ಇರುತ್ತಾರೆ.

ಬೇರೆಡೆ ಇದ್ದೆ ಎಂದವನೇ ಅದನ್ನು ರುಜುವಾತು ಮಾಡಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 106ನೇ ಕಲಮು ಹೇಳುವುದು ಇದನ್ನೇ. ಕೃತ್ಯದ ಸ್ಥಳದಲ್ಲಿ ಅವನು ಇರಲು ಸಾಧ್ಯವೇ ಇರಲಿಲ್ಲ ಎನ್ನುವಷ್ಟು ಗಟ್ಟಿ ಪುರಾವೆ ಬೇಕು. ಹಾಗೆಂದು ಅವನ ಸರದಿ ಮೊದಲು ಬರುವುದಿಲ್ಲ. ಸೆಷನ್ಸ್ ಕೋರ್ಟು ಮೊದಲು ತೂಗುವುದು ಆ ಇಬ್ಬರ ಮಾತನ್ನು. ಎಷ್ಟು ದೂರದಿಂದ ಕಂಡರು? ಬೆಳಕಿತ್ತೇ? ಆರೋಪಿಯ ಗುರುತು ಮೊದಲೇ ಇತ್ತೇ? ಎಫ್‌ಐಆರ್‌ನಲ್ಲಿ ಅವನ ಹೆಸರಿದೆಯೇ? ಕೊಡಲಿ ಏಟು ಎಂದವರ ಮಾತಿಗೆ ಮರಣೋತ್ತರ ವರದಿಯ ಗಾಯ ತಾಳೆಯಾಗುತ್ತದೆಯೇ? ಇವೆಲ್ಲ ಸರಿಯಾಗಿದ್ದರೆ ಒಬ್ಬನೇ ಸಾಕ್ಷಿಯ ಮೇಲೂ ಶಿಕ್ಷೆ ಕೊಡಬಹುದು; ಇಂತಿಷ್ಟೇ ಸಾಕ್ಷಿಗಳು ಬೇಕೆಂದು ಕಾನೂನಿಲ್ಲ. ಸತ್ತವನ ಸಂಬಂಧಿಕರು ಎಂಬ ಒಂದೇ ಕಾರಣಕ್ಕೆ ಅವರನ್ನು ತಳ್ಳಿಹಾಕುವಂತೆಯೂ ಇಲ್ಲ. ಸಾಕ್ಷಿಗಳು ನಿಲ್ಲದಿದ್ದರೆ ಮಾತ್ರ, ಕಾಟಾ ಚೀಟಿ ಸುಳ್ಳೆಂದು ತೇಲಿದರೂ, ಅಷ್ಟಕ್ಕೇ ಶಿಕ್ಷೆ ಕೊಡಲಾಗದು.

ಈ ವಾದವನ್ನು ವಿಚಾರಣೆಯ ಕೊನೆಗೆ ಎತ್ತಿದರೆ ಕಟ್ಟುಕಥೆಯ ವಾಸನೆ ಹೊಡೆಯುತ್ತದೆ. ನಿಜವಾಗಿ ಫ್ಯಾಕ್ಟರಿಯಲ್ಲೇ ಇದ್ದವನು ಮೊದಲ ದಿನವೇ ಅದನ್ನು ತನಿಖಾಧಿಕಾರಿಗೆ ಬರವಣಿಗೆಯಲ್ಲಿ ಕೊಡಬೇಕು. ಗೇಟಿನ ಸಿಸಿಟಿವಿ ದೃಶ್ಯಗಳು ಕೆಲ ದಿನಗಳಲ್ಲೇ ಅಳಿಸಿಹೋಗುತ್ತವೆ. ಅವನ್ನು ಕಾಯ್ದಿಡಲು ಕೋರಿ ವಕೀಲರ ಮೂಲಕ ಕೂಡಲೇ ಅರ್ಜಿ ಹಾಕಿಸಿ.